ಫಿಲ್ಲಿಂಗ್ ಮಾಡಿಸಿದ ಮೇಲೂ ಹಲ್ಲಿನ ಸಂದಿಯಲ್ಲಿ ಊಟ ಸಿಕ್ಕಿಕೊಳ್ಳುವುದು ಯಾಕೆ?

ಹುಬ್ಬಳ್ಳಿಯಲ್ಲಿ ಸಾವಜಿ ಮಟನ್ ತಿಂದವರದೇ ಈ ದೂರು ಜಾಸ್ತಿ! ಫಿಲ್ಲಿಂಗ್ ಪಕ್ಕದ ಹಲ್ಲಿಗೆ ತಾಗಿರುವುದಿಲ್ಲ, ಅದಕ್ಕೇ ಎಳೆ ಸಿಕ್ಕಿಕೊಳ್ಳುತ್ತದೆ. ಹಳೇ ಬೆಳ್ಳಿ ಫಿಲ್ಲಿಂಗ್ ಒತ್ತಿ ತುಂಬಿದರೆ, ಆಗ ಹಲ್ಲಿನ ಸುತ್ತ ಅಚ್ಚಿನಂತೆ ಇಡುವ ತೆಳು ಲೋಹದ ಪಟ್ಟಿಯನ್ನೂ ಪಕ್ಕಕ್ಕೆ ತಳ್ಳುತ್ತಿತ್ತು. ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಮೆತ್ತಗೆ, ಹಾಗೆ ತಳ್ಳುವುದಿಲ್ಲ. ಗಟ್ಟಿಯಾಗಲು ಲೈಟ್ ಹಿಡಿದಾಗ ಒಂಚೂರು ಕುಗ್ಗುತ್ತದೆ ಬೇರೆ.

ಹಾಗಾಗಿ ನಾನು ಹಲ್ಲಿನ ಉಬ್ಬಿನಂತೆ ಬಾಗಿದ, ಒಂದು ಬದಿಗಷ್ಟೇ ಇಡುವ ಸೆಕ್ಷನಲ್ ಪಟ್ಟಿ ಇಟ್ಟು, ಸಂದಿಯ ಬುಡದಲ್ಲಿ ವೆಡ್ಜ್ (ಪುಟ್ಟ ಬೆಣೆ) ತೂರಿಸಿ, ಮೇಲೆ ಸ್ಪ್ರಿಂಗಿನ ರಿಂಗ್ ಹಾಕುತ್ತೇನೆ. ರಿಂಗ್ ಎರಡೂ ಹಲ್ಲನ್ನು ಕೂದಲೆಳೆಯಷ್ಟು ಸರಿಸುತ್ತದೆ. ಎಲ್ಲ ತೆಗೆದಾಗ ಹಲ್ಲು ವಾಪಸ್ ಬಂದು, ಪಟ್ಟಿ ಇದ್ದ ಜಾಗ ಮುಚ್ಚುತ್ತದೆ. ತುಂಬುವ ಮೊದಲು ಪಟ್ಟಿಯನ್ನು ಪಕ್ಕದ ಹಲ್ಲಿಗೆ ಬರ್ನಿಶರ್ ಎಂಬ ನುಣುಪು ತುದಿಯ ಉಪಕರಣದಿಂದ ಒತ್ತಿ ತಾಗಿಸಲೇಬೇಕು. ಕೊನೆಗೆ ಫ್ಲಾಸ್ (ಸಂದಿ ಸ್ವಚ್ಛ ಮಾಡುವ ದಾರ) ‘ಟಕ್’ ಅಂತ ಇಳಿಯಬೇಕು. ಸುಮ್ನೆ ಜಾರಿತೋ, ಮತ್ತೆ ಮಾಡುವುದೇ.