ಮೂಕಿ ಸಿನಿಮಾ ಪ್ರದರ್ಶನಕ್ಕೆ ನನ್ನ ಆಯ್ಕೆ: ಡ್ರೇಯರ್ ಅವರ ಜೋನ್

ನಂಬಿಕೆ ಕಳೆದುಕೊಂಡು ಮತ್ತೆ ಪಡೆಯುವ ಕಥೆಯ ಮೂಕಿ ಸಿನಿಮಾ ಒಂದನ್ನು ಮನೆಯಲ್ಲಿ ಗೆಳೆಯರಿಗೆ ತೋರಿಸಬೇಕು, ಯಾವುದು, ಹೇಗೆ ಎಂದು ಕೇಳಿದ್ದೀರಿ. ನಾನಾದರೆ 1928ರ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’ ತೋರಿಸುತ್ತೇನೆ. ಡೆನ್ಮಾರ್ಕಿನ ಕಾರ್ಲ್ ಥಿಯೋಡೋರ್ ಡ್ರೇಯರ್ ಇದನ್ನು ಫ್ರಾನ್ಸಿನಲ್ಲಿ ತೆಗೆದರು.

ಮೊದಲು ಯಾವ ಪ್ರಿಂಟ್ ಎಂದು ನೋಡಿಕೊಳ್ಳಿ. ಮೂಲ ನೆಗೆಟಿವ್ ಬರ್ಲಿನ್‌ನಲ್ಲಿ ಬೆಂಕಿಗೆ ಹೋಯಿತು. ಅದೇ ದೃಶ್ಯಗಳನ್ನು ಮತ್ತೆ ಮತ್ತೆ ಚಿತ್ರೀಕರಿಸಿದಾಗ ಉಳಿದಿದ್ದ ಬೇರೆ ಟೇಕ್‌ಗಳಿಂದ ಡ್ರೇಯರ್ ಇನ್ನೊಂದು ಆವೃತ್ತಿ ಕಟ್ಟಿದರು. 1950ರ ದಶಕದಲ್ಲಿ ಯಾರೋ ಅದಕ್ಕೆ ಬಾಖ್, ವಿವಾಲ್ಡಿ ಸಂಗೀತ ಸೇರಿಸಿ ಬಿಡುಗಡೆ ಮಾಡಿದರು. ಡ್ರೇಯರ್ ಅವರಿಗೆ ಅದು ಹಿಡಿಸಲಿಲ್ಲ. 1981ರಲ್ಲಿ ಓಸ್ಲೋ ಹತ್ತಿರದ ಮಾನಸಿಕ ಆಸ್ಪತ್ರೆಯೊಂದರಲ್ಲಿ, ಸೆನ್ಸಾರ್ ಕತ್ತರಿ ಬೀಳುವ ಮುಂಚಿನ ಪ್ರಿಂಟ್ ಸಿಕ್ಕಿತು. ನಿಮಗೆ ಬೇಕಾದದ್ದು ಅದರಿಂದ ಮಾಡಿದ ಡಿಸ್ಕ್.

ವೇಗ ಎರಡು ಬಗೆಯಲ್ಲಿ ಸಿಗುತ್ತದೆ. ಸೆಕೆಂಡಿಗೆ 24 ಫ್ರೇಮ್ ಆದರೆ ಸುಮಾರು 82 ನಿಮಿಷ, 20 ಆದರೆ ಸುಮಾರು 97. ನನಗೆ 20 ಇಷ್ಟ. ಇಡೀ ಸಿನಿಮಾ ಮುಖಗಳ ಮೇಲೆಯೇ ನಿಂತಿದೆ, ಅವನ್ನು ನೋಡಲು ಸಮಯ ಬೇಕು. ನಟರಿಗೆ ಮೇಕಪ್ ಹಾಕಿಲ್ಲ. ಜೋನ್ ಪಾತ್ರ ಮಾಡಿದ ಫಾಲ್ಕೊನೆಟಿಯ ಒಣಗಿದ ತುಟಿ, ಕಣ್ಣೀರು ಎಲ್ಲವೂ ಕಾಣುತ್ತದೆ. ಟಿವಿಯಲ್ಲಿ ಚಲನೆಯನ್ನು ಕೃತಕವಾಗಿ ನಯವಾಗಿಸುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ, ಕಾಂಟ್ರಾಸ್ಟ್ ಜಾಸ್ತಿ ಮಾಡಬೇಡಿ, ಕೋಣೆ ಪೂರ್ತಿ ಕತ್ತಲಿರಲಿ.

ಸಂಗೀತ ಬೇಡವೇ ಬೇಡ ಎನ್ನುವುದು ನನ್ನ ಸಲಹೆ. ಹತ್ತು ನಿಮಿಷ ಕಸಿವಿಸಿಯಾಗುತ್ತದೆ, ಆಮೇಲೆ ಜನ ತಾವಾಗಿಯೇ ಒಳಗೆ ಹೋಗುತ್ತಾರೆ. ಮೌನ ತೀರಾ ಕಷ್ಟ ಅನ್ನಿಸಿದರೆ ರಿಚರ್ಡ್ ಐನ್‌ಹಾರ್ನ್ ಅವರ ‘ವಾಯ್ಸಸ್ ಆಫ್ ಲೈಟ್’ ಇರುವ ಟ್ರ್ಯಾಕ್ ಹಾಕಿ.

ಶುರು ಮಾಡುವ ಮುಂಚೆ ಎರಡು ಮಾತು ಕನ್ನಡದಲ್ಲಿ ಹೇಳಿಬಿಡಿ. ಇದು 1431ರಲ್ಲಿ ಫ್ರಾನ್ಸಿನ ರೂಆನ್ ಊರಿನಲ್ಲಿ ನಡೆದ ವಿಚಾರಣೆ. ಜೋನ್ ಹತ್ತೊಂಬತ್ತರ ಆಸುಪಾಸಿನ ಹಳ್ಳಿ ಹುಡುಗಿ, ದೇವರೇ ತನ್ನನ್ನು ಕಳಿಸಿದ ಎಂದು ಇಂಗ್ಲಿಷರ ವಿರುದ್ಧ ಫ್ರೆಂಚ್ ಸೈನ್ಯ ನಡೆಸಿದವಳು. ಊರು ಇಂಗ್ಲಿಷರ ಕೈಯಲ್ಲಿದೆ, ಪ್ರಶ್ನೆ ಕೇಳುವವರು ಅವರ ಕಡೆಗಿರುವ ಪಾದ್ರಿಗಳು. ಅವಳು ಗೆದ್ದ ಯುದ್ಧಗಳು ತೆರೆಯ ಮೇಲೆ ಬರುವುದೇ ಇಲ್ಲ. ಇಷ್ಟು ಗೊತ್ತಿಲ್ಲದಿದ್ದರೆ ಮೊದಲರ್ಧ ಗಂಟೆ ಗೊಂದಲವಾಗುತ್ತದೆ.

ನೀವು ಕೇಳಿದ ವಿಷಯ ಬರುವುದು ಸ್ಮಶಾನದ ದೃಶ್ಯದಿಂದ. ಅಲ್ಲಿ ನೆಲ ಅಗೆದಾಗ ತಲೆಬುರುಡೆ ಮೇಲೆ ಬರುತ್ತದೆ. ಜೋನ್ ಹೆದರುತ್ತಾಳೆ, ತನ್ನನ್ನು ಕಳಿಸಿದ್ದು ದೇವರಲ್ಲ ಎಂಬ ಕಾಗದಕ್ಕೆ ಸಹಿ ಹಾಕುತ್ತಾಳೆ. ಜೀವ ಉಳಿಯುತ್ತದೆ. ಆಮೇಲೆ ಸೆರೆಮನೆಯಲ್ಲಿ ಅವಳ ಕೂದಲು ಕತ್ತರಿಸುತ್ತಾರೆ. ಸೈನಿಕರು ಅಣಕಿಸಲು ಅವಳ ತಲೆಗಿಟ್ಟಿದ್ದ ಹುಲ್ಲಿನ ಕಿರೀಟವನ್ನು ಕೂದಲಿನ ಜೊತೆ ಗುಡಿಸಿ ಹಾಕುತ್ತಾರೆ. ಅದನ್ನು ನೋಡುತ್ತಲೇ ಅವಳ ಮುಖ ಬದಲಾಗುತ್ತದೆ. ನ್ಯಾಯಾಧೀಶರನ್ನು ವಾಪಸ್ ಕರೆಸಿ, ಜೀವ ಉಳಿಸಿಕೊಳ್ಳಲು ದೇವರನ್ನು ಅಲ್ಲಗಳೆದೆ ಎನ್ನುತ್ತಾಳೆ. ಆಕಾಶವಾಣಿಯಿಲ್ಲ, ಪವಾಡವಿಲ್ಲ. ನಂಬಿಕೆ ಮರಳುವುದನ್ನು ಒಂದು ಮುಖದಲ್ಲಿ ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ನೋಡಿಲ್ಲ. ಇಲ್ಲಿಂದ ಕೊನೆಯವರೆಗೆ ದಯವಿಟ್ಟು ಕಾಫಿಗೆಂದು ನಿಲ್ಲಿಸಬೇಡಿ.

ಚಿಕ್ಕ ಮಕ್ಕಳನ್ನು ಕೂರಿಸಬೇಡಿ. ತೋಳಿನಿಂದ ರಕ್ತ ತೆಗೆಯುವ ದೃಶ್ಯವಿದೆ, ಕೊನೆಯಲ್ಲಿ ಸುಡುವುದನ್ನೂ ನೇರವಾಗಿ ತೋರಿಸುತ್ತಾರೆ.