ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ಮುಂಚೆ ಅಭಿಮಾನಿಗಳು ಮಾಡುವ ರ‍್ಯಾಂಕಿಂಗನ್ನು ಎಷ್ಟು ನಂಬಬಹುದು?

ಡ್ರಾಫ್ಟ್‌ಗೆ ಮುಂಚೆ ಸಾವಿರಾರು ಅಭಿಮಾನಿಗಳು ವೋಟ್ ಹಾಕಿ ಮಾಡುವ ಆಟಗಾರರ ಪಟ್ಟಿಗೆ ಏನಾದರೂ ಬೆಲೆ ಇದೆಯಾ, ಆಫೀಸಿನ ಬಾಜಿ ಪಂದ್ಯಕ್ಕೆ ಅದನ್ನು ನೆಚ್ಚಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಬೆಲೆ ಇದೆ, ಆದರೆ ಅರ್ಧ ಮಾತ್ರ. ಪಟ್ಟಿಯಲ್ಲಿ ಕೆಳಗಿದ್ದವನನ್ನು ಯಾವುದೋ ಒಂದು ತಂಡ ತುಂಬಾ ಮೊದಲೇ ಎತ್ತಿಕೊಂಡರೆ ನಾನು ಜನರ ಪಟ್ಟಿಯ ಕಡೆ. ಮೇಲಿದ್ದವನು ಯಾರಿಗೂ ಬೇಡವಾಗಿ ಕೆಳಗೆ ಜಾರುತ್ತಾ ಹೋದರೆ ನಾನು ತಂಡಗಳ ಕಡೆ.

ಈ ಆಟ ನೋಡದವರಿಗಾಗಿ ಎರಡು ಮಾತು. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲಿನ ದೊಡ್ಡ ಲೀಗ್, ಡ್ರಾಫ್ಟ್ ಅಂದರೆ ಅದರ ತಂಡಗಳು ಕಾಲೇಜಿನಿಂದ ಬರುವ ಹುಡುಗರನ್ನು ಆರಿಸಿಕೊಳ್ಳುವುದು. ಅದು ನಮ್ಮ ಐಪಿಎಲ್ ಹರಾಜಿನ ಥರ ಅಲ್ಲ. ಇಲ್ಲಿ ಬಿಡ್ ಇಲ್ಲ, ಸರದಿ ಇದೆ. ಹಿಂದಿನ ಸೀಸನ್‌ನಲ್ಲಿ ಜಾಸ್ತಿ ಸೋತ ತಂಡಕ್ಕೆ ಮೊದಲ ಆಯ್ಕೆ, ಸೂಪರ್ ಬೌಲ್ (ಫೈನಲ್) ಗೆದ್ದವರಿಗೆ ಕೊನೆಯದು. 32 ತಂಡ, 7 ಸುತ್ತು. 2025ರಲ್ಲಿ ಒಟ್ಟು 257 ಹುಡುಗರು ಆಯ್ಕೆಯಾದರು. ತಂಡಗಳು ತಮ್ಮ ಸರದಿಯನ್ನು ಒಂದಕ್ಕೊಂದು ಅದಲು ಬದಲು ಮಾಡಿಕೊಳ್ಳಬಹುದು. ಮಜಾ ಇರುವುದೇ ಅಲ್ಲಿ.

ಈಗ ಲೆಕ್ಕ ನೋಡಿ. ಒಬ್ಬ ಹುಡುಗ ಮೇಲೆ ಹೋಗಬೇಕಾದರೆ ಅವನನ್ನು ಮೆಚ್ಚಿದ ಒಂದೇ ತಂಡ ಸಾಕು. ಕೆಳಗೆ ಬೀಳಬೇಕಾದರೆ ಎಲ್ಲರೂ ಬೇಡ ಅನ್ನಬೇಕು.

2019ರಲ್ಲಿ ರೈಡರ್ಸ್ ತಂಡ ಕ್ಲೆಲಿನ್ ಫೆರೆಲ್‌ನನ್ನು ನಾಲ್ಕನೇ ಆಯ್ಕೆಯಲ್ಲೇ ತೆಗೆದುಕೊಂಡಿತು. ಹೊರಗಿನ ಪಟ್ಟಿಗಳಲ್ಲಿ ಅವನು ಅಷ್ಟು ಮೇಲೆ ಇರಲಿಲ್ಲ. ಅವನ ಜಾಗದಲ್ಲೇ ಆಡುವ ಜಾಷ್ ಆಲನ್ (ಬಫಲೋ ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಅಲ್ಲ, ಕೆಂಟಕಿಯಿಂದ ಬಂದ ಡಿಫೆಂಡರ್) ಇನ್ನೂ ಉಳಿದಿದ್ದ, ಏಳನೆಯವನಾಗಿ ಜಾಕ್ಸನ್‌ವಿಲ್‌ಗೆ ಹೋದ. ಫೆರೆಲ್ ರೈಡರ್ಸ್‌ನಲ್ಲಿ ನಾಲ್ಕು ವರ್ಷ ಆಡಿ ಎಲ್ಲಾ ಸೇರಿ 10 ಸ್ಯಾಕ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವುವುದು) ಮಾಡಿದ. ಆಲನ್ 2023ರ ಸೀಸನ್ ಒಂದರಲ್ಲೇ 17.5 ಮಾಡಿದ.

ಇನ್ನೊಂದು ಕಡೆ 2025ರ ಶೆಡೂರ್ ಸ್ಯಾಂಡರ್ಸ್. ಹೆಚ್ಚಿನ ಪಟ್ಟಿಗಳಲ್ಲಿ ಮೊದಲ ಸುತ್ತಿನ ಆಸುಪಾಸಿನಲ್ಲಿದ್ದ ಕ್ವಾರ್ಟರ್‌ಬ್ಯಾಕ್. ಕೊನೆಗೆ ಹೋಗಿದ್ದು ಐದನೇ ಸುತ್ತಿನಲ್ಲಿ, 144ನೆಯವನಾಗಿ. ಡ್ರಾಫ್ಟ್ ವಿಶ್ಲೇಷಕ ಮೆಲ್ ಕೈಪರ್ ಟೀವಿಯಲ್ಲೇ ರೇಗಾಡಿದರು. ಅವನನ್ನು ಕೊನೆಗೂ ಆರಿಸಿದ ಬ್ರೌನ್ಸ್ ತಂಡವೇ ಮೂರನೇ ಸುತ್ತಿನಲ್ಲಿ ಡಿಲನ್ ಗೇಬ್ರಿಯಲ್ ಅನ್ನುವ ಬೇರೆ ಕ್ವಾರ್ಟರ್‌ಬ್ಯಾಕನ್ನು ಮೊದಲು ತೆಗೆದುಕೊಂಡಿತ್ತು. ಆರಿಸಿದವರಿಗೇ ಅವಸರ ಇರಲಿಲ್ಲ, ಅಲ್ವಾ?

ತಂಡಗಳ ಹತ್ತಿರ ನಮಗೆ ಸಿಗದ ಮಾಹಿತಿ ಇರುತ್ತದೆ. ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಕಂಬೈನ್ ಅಂದರೆ ಟೀವಿಯಲ್ಲಿ 40 ಗಜದ ಓಟ ಅಷ್ಟೇ ಕಾಣುತ್ತದೆ. ತಂಡಗಳಿಗೆ ಮುಖ್ಯವಾದದ್ದು ಒಳಗೆ ನಡೆಯುವ ವೈದ್ಯರ ತಪಾಸಣೆ ಮತ್ತು ಸಂದರ್ಶನ. 2016ರಲ್ಲಿ ನೋಟರ್ ಡೇಮ್ ಕಾಲೇಜಿನ ಜೇಲನ್ ಸ್ಮಿತ್ ಮಂಡಿ ಗಾಯದಿಂದ 34ನೇ ಆಯ್ಕೆಗೆ ಬಿದ್ದ. ತೆಗೆದುಕೊಂಡದ್ದು ಡಲ್ಲಾಸ್ ಕೌಬಾಯ್ಸ್. ಅವನ ಮಂಡಿಗೆ ಆಪರೇಷನ್ ಮಾಡಿದ್ದವರು ಅದೇ ತಂಡದ ಡಾಕ್ಟರು! ಆ ಸೀಸನ್ ಪೂರ್ತಿ ಅವನು ಆಡಲಿಲ್ಲ, ಆಮೇಲೆ ಪ್ರೊ ಬೌಲ್‌ವರೆಗೂ (ವರ್ಷದ ಶ್ರೇಷ್ಠ ಆಟಗಾರರ ಆಯ್ಕೆ) ಹೋದ. ವೋಟ್ ಹಾಕುವ ಅಭಿಮಾನಿಗೆ ಇಂಥದ್ದೆಲ್ಲ ಎಲ್ಲಿಂದ ಗೊತ್ತಾಗಬೇಕು?

ನನ್ನ ಸೂತ್ರ ಸದಾ ಸರಿ ಅಂತ ಹೇಳುವುದಿಲ್ಲ. ನಾನು ಇರುವುದು ಮಿಷಿಗನ್‌ನಲ್ಲಿ, ನಮ್ಮ ಲಯನ್ಸ್ ತಂಡವೇ ಅದನ್ನು ಮುರಿದಿದೆ. 2023ರಲ್ಲಿ ಅವರು ಜಮೀರ್ ಗಿಬ್ಸ್‌ನನ್ನು 12ನೆಯವನಾಗಿ ಆರಿಸಿದಾಗ, ಚೆಂಡು ಹಿಡಿದು ಓಡುವ ರನ್ನಿಂಗ್‌ಬ್ಯಾಕ್‌ಗೆ ಇಷ್ಟು ಬೇಗ ಆಯ್ಕೆ ಖರ್ಚು ಮಾಡುತ್ತಾರಾ ಅಂತ ಎಲ್ಲರೂ ಬೈದರು. ಮುಂದಿನ ವರ್ಷ ಅವನು ಓಡಿಯೇ 16 ಟಚ್‌ಡೌನ್ ಮಾಡಿದ, ತಂಡ 17ರಲ್ಲಿ 15 ಪಂದ್ಯ ಗೆದ್ದಿತು.

ಹಾಗಂತ ತಂಡಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಸರ್ವಜ್ಞರೇನಲ್ಲ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು) ಹಳೆಯ ಡ್ರಾಫ್ಟ್‌ಗಳನ್ನೆಲ್ಲ ಕೂತು ಲೆಕ್ಕ ಹಾಕಿದ್ದಾರೆ. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ, ಮೊದಲು ಆಯ್ಕೆಯಾದವನು ಅವನ ನಂತರದವನಿಗಿಂತ ಮೇಲು ಅನ್ನಿಸಿಕೊಳ್ಳುವ ಸಾಧ್ಯತೆ ಸುಮಾರು 52%. ನಾಣ್ಯ ಚಿಮ್ಮಿದರೂ 50 ಬರುತ್ತದೆ.

ಇನ್ನು ಪಟ್ಟಿಯ ಒಳಗಿನ ತೊಂದರೆ. ಸಾವಿರ ಜನ ವೋಟ್ ಹಾಕಿದರೆ ಸಾವಿರ ಅಭಿಪ್ರಾಯ ಅಂತ ಅಲ್ಲ. ಹೆಚ್ಚಿನವರು ಕೈಪರ್, ಡೇನಿಯಲ್ ಜೆರಮೈಯಾ, ಡೇನ್ ಬ್ರೂಗ್ಲರ್ ಥರದ ವಿಶ್ಲೇಷಕರನ್ನು ಓದಿ, ಅದನ್ನೇ ಸ್ವಲ್ಪ ಹಿಂದೆ ಮುಂದೆ ಮಾಡಿ ಬರೆದಿರುತ್ತಾರೆ. ಮೇಲಿಂದ ಕಾಲೇಜಿನ ಅಭಿಮಾನ ಬೇರೆ. ನಮ್ಮ ಕಡೆಯವರ ಕೈಗೆ ವೋಟು ಕೊಟ್ಟರೆ ಮಿಷಿಗನ್‌ನ ಬದ್ಧ ಎದುರಾಳಿ ಒಹಾಯೋ ಸ್ಟೇಟ್‌ನ ಹುಡುಗ ಮೇಲೆ ಬಂದ ಹಾಗೆಯೇ! ಎದುರಾಳಿಗಳನ್ನು ತಡೆಯುವ ಆಫೆನ್ಸಿವ್ ಲೈನ್ ಹುಡುಗರನ್ನಂತೂ ಕೂತು ನೋಡುವವರೇ ಕಡಿಮೆ. ಕೀಪ್‌ಟ್ರೇಡ್‌ಕಟ್ ಥರದ ವೆಬ್‌ಸೈಟ್‌ಗಳಲ್ಲಿ ಮೂವರನ್ನು ತೋರಿಸಿ ಯಾರನ್ನು ಇಟ್ಟುಕೊಳ್ಳುತ್ತೀರಿ, ಯಾರನ್ನು ಮಾರುತ್ತೀರಿ, ಯಾರನ್ನು ಬಿಡುತ್ತೀರಿ ಅಂತ ಕೇಳುತ್ತಾರೆ. ಆದರೆ ಅದು ಫ್ಯಾಂಟಸಿ ಆಟದ ಬೆಲೆ, ಡ್ರಾಫ್ಟ್‌ನ ಬೆಲೆ ಅಲ್ಲ.

ಸರಾಸರಿಯೊಂದನ್ನೇ ನೋಡಬೇಡಿ. ಅರ್ಧ ಜನ 5ನೇ ಸ್ಥಾನ, ಇನ್ನರ್ಧ 45ನೇ ಸ್ಥಾನ ಕೊಟ್ಟರೆ ಪಟ್ಟಿಯಲ್ಲಿ ಸುಮ್ನೆ 25 ಅಂತ ಬರುತ್ತದೆ. ಆ 25 ಯಾರೊಬ್ಬರ ಅಭಿಪ್ರಾಯವೂ ಅಲ್ಲ. ಯಾರ ಮೇಲೆ ಜಗಳ ಜಾಸ್ತಿ ಇದೆಯೋ ಅವರನ್ನು ಗುರುತು ಹಾಕಿಕೊಳ್ಳಿ. ಮೊದಲ ನೂರು ಹೆಸರು ದಾಟಿದ ಮೇಲೆ ನಾನಂತೂ ಪಟ್ಟಿ ನೋಡುವುದಿಲ್ಲ.

ನಿಮ್ಮ ಆಫೀಸಿನ ಪಂದ್ಯ ಯಾರು ಎಷ್ಟನೆಯವನಾಗಿ ಹೋಗುತ್ತಾನೆ ಅಂತ ಊಹಿಸುವುದಾದರೆ ಈ ರ‍್ಯಾಂಕಿಂಗ್ ಪಕ್ಕಕ್ಕಿಡಿ. ಯಾರು ಚೆನ್ನಾಗಿ ಆಡುತ್ತಾನೆ ಅನ್ನುವುದು ಬೇರೆ, ಯಾರನ್ನು ಯಾವಾಗ ಆರಿಸುತ್ತಾರೆ ಅನ್ನುವುದು ಬೇರೆ. ಡ್ರಾಫ್ಟ್ ವಾರದ ಮಾಕ್ ಡ್ರಾಫ್ಟ್‌ಗಳನ್ನು (ಯಾವ ತಂಡ ಯಾರನ್ನು ಆರಿಸುತ್ತದೆ ಅನ್ನುವ ಊಹೆಯ ಪಟ್ಟಿಗಳು) ಒಟ್ಟು ಮಾಡಿ ನೋಡಿ, ಜನವರಿಯದ್ದು ಬೇಡ. ಕ್ವಾರ್ಟರ್‌ಬ್ಯಾಕ್‌ಗಳನ್ನು ಮಾತ್ರ ಸ್ವಲ್ಪ ಮೇಲಕ್ಕೇ ಬರೆದುಕೊಳ್ಳಿ. ಸ್ಯಾಂಡರ್ಸ್ ಥರದವರು ಆಗೊಮ್ಮೆ ಈಗೊಮ್ಮೆ ಬೀಳುತ್ತಾರೆ, ಆದರೆ 2024ರಲ್ಲಿ ಮೊದಲ 12 ಆಯ್ಕೆಗಳಲ್ಲಿ ಆರು ಕ್ವಾರ್ಟರ್‌ಬ್ಯಾಕ್‌ಗಳೇ ಹೋದರು.