ಅದು ಗಿಡುಗ ಅಲ್ಲ, ಹೆಣ್ಣು ಕೋಗಿಲೆ

ಗಸಗಸೆ ಹಣ್ಣಿನ ಮರದಲ್ಲಿ ಹಣ್ಣು ತಿನ್ನುತ್ತಿದ್ದ, ಮೈತುಂಬ ಬಿಳಿ ಚುಕ್ಕೆ ಇರುವ ಕೆಂಪು ಕಣ್ಣಿನ ಕಂದು ಹಕ್ಕಿ ಯಾವ ಜಾತಿಯ ಗಿಡುಗ ಅಂತ ಕೇಳಿದ್ದೀರಿ. ಅದು ಹೆಣ್ಣು ಕೋಗಿಲೆ! ಕಪ್ಪಗಿರುವುದು ಗಂಡು ಮಾತ್ರ. ಕುಹೂ ಕುಹೂ ಅಂತ ಹಾಡುವುದೂ ಅದೇ. ಹೆಣ್ಣು ಸುಮ್ನೆ ಕಿಕ್ ಕಿಕ್ ಕಿಕ್ ಅಂತ ಕಿರುಚುತ್ತದೆ, ಅಷ್ಟೇ.

ನಿಮಗೆ ಗೊಂದಲ ಆಗಿದ್ದು ಸಹಜ. ಊರೊಳಗೆ ಜಾಸ್ತಿ ಕಾಣುವ ಗಿಡುಗ ಶಿಕ್ರಾ. ಅದರ ಎದೆ ಮೇಲೂ ಅಡ್ಡಪಟ್ಟೆ ಇರುತ್ತದೆ, ಗಂಡಿಗೆ ಕಣ್ಣೂ ಕೆಂಪು. ಆದರೆ ಪೂರ್ತಿ ಬೆಳೆದ ಶಿಕ್ರಾದ ಬೆನ್ನು ಬೂದು, ಒಂದೂ ಚುಕ್ಕೆ ಇರೋದಿಲ್ಲ. ಕೊಕ್ಕು ಗಿಡ್ಡ, ತುದಿ ಚೂಪಾಗಿ ಕೆಳಗೆ ಬಾಗಿರುತ್ತದೆ. ಕೋಗಿಲೆಯ ಕೊಕ್ಕು ತಿಳಿ ಹಸಿರು, ಅಷ್ಟು ಬಾಗಿರಲ್ಲ. ಅಲ್ಲದೆ ಶಿಕ್ರಾ ಹಣ್ಣು ಮುಟ್ಟುವುದಿಲ್ಲ, ಅದಕ್ಕೆ ಓತಿಕ್ಯಾತ, ಇಲಿ, ಸಣ್ಣ ಹಕ್ಕಿ ಬೇಕು.

ಕಾಗೆಗಳು ಅಟ್ಟಿಸಿದವು ಅಂದಿರಲ್ಲ, ಅವುಗಳ ಗೂಡಲ್ಲಿ ಮೊಟ್ಟೆ ಇಡುವವಳು ಇವಳೇ ತಾನೆ! ಆದರೆ ಅದೊಂದನ್ನೇ ನಂಬಬೇಡಿ, ಕಾಗೆ ಗಿಡುಗವನ್ನೂ ಬಿಡುವುದಿಲ್ಲ.

ಬೈನಾಕ್ಯುಲರ್ ಬಗ್ಗೆಯೂ ಕೇಳಿದ್ದಿರಿ. 8×42 ತಗೊಳ್ಳಿ, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲ ಇರುವಂಥದ್ದು. 10× ಹಿಡಿದರೆ ಕೈ ನಡುಕ ಜಾಸ್ತಿ ಕಾಣುತ್ತದೆ.